ಅಗ್ಗದ ವಾಕಿಟಾಕಿ ಗಟ್ಟಿ ಇದೆಯಾ ಅಂತ ಕೈಯಲ್ಲಿ ಹಿಡಿದೇ ಗೊತ್ತುಮಾಡಬಹುದಾ?

ಚಾರಣದ ಗುಂಪಿಗೆ ನಾಲ್ಕು ಅಗ್ಗದ ವಾಕಿಟಾಕಿ ಬೇಕು, ಯಾರಿಗೂ ಲೈಸೆನ್ಸ್ ಇಲ್ಲ, ತೂಕ ಮತ್ತು ಪ್ಲಾಸ್ಟಿಕ್ ನೋಡಿ ಆರಿಸಬಹುದಾ ಅಂತ ಕೇಳಿದ್ದೀರಿ. ನಾನು ಹಾಗೇ ಆರಿಸಿದ್ದೆ.

ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಲೈಸೆನ್ಸ್ ಬಂದ ಹೊಸತು. ಅಂಗಡಿಯಲ್ಲಿ ಸೆಟ್ ಹಿಂಡಿ ನೋಡಿದೆ, ಕಿರ್ ಅನ್ನಲಿಲ್ಲ. ಕೈಗೆ ಭಾರವಾಗಿತ್ತು. ಗಟ್ಟಿ ಮಾಲು ಅಂದುಕೊಂಡೆ. ಆ ಭಾರದಲ್ಲಿ ದೊಡ್ಡ ಪಾಲು ಬ್ಯಾಟರಿಯದು ಅಂತ ಹೊಳೆಯಲೇ ಇಲ್ಲ. ದೂರ ಮುಟ್ಟಲಿ ಅಂತ ಗಿಡ್ಡ ಆಂಟೆನಾ ತೆಗೆದು ಸುಮಾರು 40 ಸೆಂ.ಮೀ. ಉದ್ದದ್ದು ಹಾಕಿದೆ.

ಚಿಕ್ಕಮಗಳೂರು ಕಡೆ ಕಾಫಿ ತೋಟಗಳ ನಡುವೆ ಕಾರ್ ರ‍್ಯಾಲಿ. ಹ್ಯಾಮ್‌ಗಳು ಒಂದೊಂದು ಪಾಯಿಂಟಿನಲ್ಲಿ ನಿಂತು, ಯಾವ ಕಾರು ದಾಟಿತು ಅಂತ ಕಂಟ್ರೋಲಿಗೆ ಹೇಳಬೇಕು. ಸೊಂಟಕ್ಕೆ ಸೆಟ್ ಸಿಕ್ಕಿಸಿಕೊಂಡು ಜೀಪು ಹತ್ತಿ ಇಳಿದಾಗಲೆಲ್ಲ ಆಂಟೆನಾ ಸೀಟಿಗೆ ತಾಗಿ ಬಾಗುತ್ತಿತ್ತು. ರಬ್ಬರ್ ತಾನೇ, ಏನಾಗುತ್ತೆ ಅಂತ ಬಿಟ್ಟೆ.

ನಾನು ಕೆಟ್ಟಿದ್ದು ಇಲ್ಲೇ. ಆಂಟೆನಾ ತಿರುಗಿಸಿ ಕೂರಿಸುವ ಎಸ್‌ಎಂಎ ಕನೆಕ್ಟರ್ ಸುಮಾರು 6 ಮಿ.ಮೀ. ದಪ್ಪ, ಅಷ್ಟೇ. ಅದರ ನಡುವಿನ ಪಿನ್ ಒಳಗಿನ ಬೋರ್ಡಿಗೆ ಒಂದು ಹನಿ ಬೆಸುಗೆಯಲ್ಲಿ ಅಂಟಿರುತ್ತದೆ. ಉದ್ದ ಆಂಟೆನಾದ ತುದಿಗೆ ತಾಗಿದರೆ ಹಾರೆ ಹಾಕಿ ಮೀಟಿದ ಹಾಗೆ, ಎಳೆತವೆಲ್ಲ ಬುಡಕ್ಕೆ. ಬೆಸುಗೆ ಬಿರುಕು ಬಿಟ್ಟಿತು. ಹೊರಗೆ ಒಂದು ಗೀರೂ ಇಲ್ಲ! ಹತ್ತಿರದ ಪಾಯಿಂಟಿನವರ ಮಾತು ಕೇಳಿಸುತ್ತಿತ್ತು. ಹಾಗಾಗಿ ಸೆಟ್ ಸರಿಯಿದೆ, ಗುಡ್ಡ ಅಡ್ಡ ಬಂದಿದೆ ಅಂತಲೇ ನಂಬಿದೆ. ದಿಬ್ಬ ಹತ್ತಿದೆ, ಬ್ಯಾಟರಿ ಬದಲಿಸಿದೆ. ಒಂದು ಗಂಟೆ ನನ್ನ ಪಾಯಿಂಟಿನಿಂದ ಒಂದು ಕಾರಿನ ಸುದ್ದಿಯೂ ಕಂಟ್ರೋಲಿಗೆ ಮುಟ್ಟಲಿಲ್ಲ. ಆ ಹೊತ್ತಿನಲ್ಲಿ ಯಾವುದಾದರೂ ಕಾರು ತೋಟದೊಳಗೆ ಉರುಳಿದ್ದರೆ? ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. ಆಂಟೆನಾಕ್ಕೆ ಹೋಗದ ಪವರ್ ವಾಪಸ್ ಬಡಿದು ಒಳಗಿನ ಟ್ರಾನ್ಸಿಸ್ಟರ್ ಕೂಡ ಹೋಗಿತ್ತು.

ಆದ್ದರಿಂದ ತೂಕ, ಪ್ಲಾಸ್ಟಿಕ್ ಎರಡನ್ನೂ ಬಿಡಿ. ನಿಮಗೆ ಲೈಸೆನ್ಸ್ ಇಲ್ಲ, ಹಾಗಾಗಿ ನನ್ನದರಂಥ ಹ್ಯಾಮ್ ಸೆಟ್ ತಗೊಳ್ಳಲೇಬೇಡಿ. ಲೈಸೆನ್ಸ್ ಇಲ್ಲದವರಿಗೆ ಅಂತ ನಮ್ಮ ದೇಶದಲ್ಲಿ 446.0–446.2 ಮೆಗಾಹರ್ಟ್ಸ್ ಫ್ರೀಕ್ವೆನ್ಸಿ ಇದೆ. ಅದಕ್ಕೇ ಮಾಡಿದ, ಇಟಿಎ ಸರ್ಟಿಫಿಕೇಟ್ (ಆ ಮಾದರಿಗೆ ಸರ್ಕಾರದ ಒಪ್ಪಿಗೆ) ಇರುವ ಸೆಟ್ ಕೇಳಿ. ಅಂಥ ಎಷ್ಟೋ ಸೆಟ್‌ಗಳಲ್ಲಿ ಆಂಟೆನಾ ಗಿಡ್ಡ, ಬಿಚ್ಚಲೂ ಬರಲ್ಲ. ಜನ ಅದನ್ನೇ ಕೊರತೆ ಅಂತಾರೆ. ನನಗೆ ಅದೇ ಗಟ್ಟಿತನ.

ಅಂಗಡಿಯಲ್ಲಿ ಆಂಟೆನಾದ ಬುಡ ಹಿಡಿದು ಮೆಲ್ಲಗೆ ಒತ್ತಿ, ಕೂದಲೆಳೆಯಷ್ಟೂ ಅಲುಗಬಾರದು. ಆನ್ ಮಾಡಿ ಬ್ಯಾಟರಿ ಅಲ್ಲಾಡಿಸಿ, ಆಫ್ ಆದರೆ ಅಲ್ಲೇ ಬಿಟ್ಟು ಬನ್ನಿ. ಮಾತಾಡುವ ಗುಂಡಿಯನ್ನು ಅಂಚಿನಲ್ಲಿ ಒತ್ತಿದರೂ ಹಿಡಿಯಬೇಕು. ಇಯರ್‌ಫೋನ್ ತೂತಿನ ರಬ್ಬರ್ ಮುಚ್ಚಳ ಸಡಿಲ ಇದ್ದರೆ, ಮೈಮೇಲೆ ಐಪಿ67 (ದೂಳು, ನೀರು ತಡೆಯುತ್ತೆ ಅನ್ನುವ ಗುರುತು) ಅಂತ ಬರೆದಿದ್ದರೂ ಮಲೆನಾಡಿನ ಮಳೆಗೆ ಅದು ಬೇಡ.

ನಾಲ್ಕೂ ಒಟ್ಟಿಗೆ ತರಬೇಡಿ. ಮೊದಲು ಒಂದು ತಂದು, ಚಾರಣದ ಬ್ಯಾಗಿಗೆ ಸಿಕ್ಕಿಸಿಕೊಂಡು ಹದಿನೈದು ದಿನ ಬಸ್ಸಿನಲ್ಲಿ ಓಡಾಡಿ. ಆಮೇಲೂ ಬುಡ ಅಲುಗದಿದ್ದರೆ ಉಳಿದ ಮೂರು ತಗೊಳ್ಳಿ.