ತಟ್ಟೆ ಇಡ್ಲಿ ಬಿಟ್ಟ ಮಂಜಣ್ಣ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿರುವ ಹೆಸರುಗಳು ನಿಜವಲ್ಲ. ಠಾಣೆ, ವಯಸ್ಸು, ಮನೆಯ ವಿವರ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬದಲಿಸಿದ್ದೇನೆ. ಬರೆದ ಮೇಲೆ ಮಂಜಣ್ಣನಿಗೂ ಅವರ ಗೆಳೆಯನಿಗೂ ಓದಲು ಕೊಟ್ಟೆ. ಒಬ್ಬರು ಓದಿ, "ಎಲ್ಲಾ ಸರಿ ಇದೆ ಮೇಡಂ, ಪೇದೆ ಅಂತ ಬರೆದಿರೋದು ಮಾತ್ರ ತೆಗೆದುಬಿಡಿ, ಕಾನ್‌ಸ್ಟೆಬಲ್ ಅನ್ನಿ" ಅಂದರು. ತೆಗೆದಿದ್ದೇನೆ.

ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಮೊದಲು ಬಂದದ್ದು ಮಂಜಣ್ಣ ಅಲ್ಲ, ಅವರ ಗೆಳೆಯ ರಂಗಸ್ವಾಮಿ. ತುಮಕೂರು ಜಿಲ್ಲೆಯಲ್ಲಿ ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದ ಒಂದು ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್. ಮಫ್ತಿಯಲ್ಲೇ ಬಂದಿದ್ದರು, ಆದರೆ ಕ್ರಾಪು, ಶೂ, ಬಾಗಿಲಿಗೆ ಬೆನ್ನು ಕೊಡದೆ ಕುರ್ಚಿ ಎಳೆದುಕೊಂಡ ರೀತಿ ನೋಡಿದರೆ ಗೊತ್ತಾಗುತ್ತಿತ್ತು. ಹತ್ತು ನಿಮಿಷ ತಮ್ಮ ಬಿಪಿ ಬಗ್ಗೆ ಮಾತಾಡಿದರು. ಆಮೇಲೆ ಇದ್ದಕ್ಕಿದ್ದ ಹಾಗೆ ಕೇಳಿದರು: "ಮೇಡಂ, ಒಬ್ಬ ಮನುಷ್ಯ ತಟ್ಟೆ ಇಡ್ಲಿ ತಿನ್ನೋದು ಬಿಟ್ಟುಬಿಟ್ರೆ ಅದು ಕಾಯಿಲೇನಾ?"

ನಾನು ನಗಲಿಲ್ಲ. ತುಮಕೂರಿನವರಿಗೆ ಇದು ನಗುವ ಪ್ರಶ್ನೆಯೂ ಅಲ್ಲ.

ಇಬ್ಬರೂ ಒಂದೇ ಬ್ಯಾಚ್. ಟ್ರೈನಿಂಗ್‌ನಲ್ಲಿ ಪಕ್ಕಪಕ್ಕದ ಮಂಚ. 2019ರ ಜನವರಿಯಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ ಲಕ್ಷಗಟ್ಟಲೆ ಜನ ಬಂದಿದ್ದರಲ್ಲ, ಆ ಬಂದೋಬಸ್ತ್‌ನಲ್ಲಿ ಇಬ್ಬರೂ ಶೂ ಬಿಚ್ಚದೆ ನಿಂತಿದ್ದರಂತೆ, ಒಬ್ಬರು ವ್ಯಾನಿನಲ್ಲಿ ಒಂದು ಗಂಟೆ ಕಣ್ಣು ಮುಚ್ಚಿದರೆ ಇನ್ನೊಬ್ಬರು ಎರಡು ಪಾಯಿಂಟ್ ನೋಡಿಕೊಳ್ಳುವುದು, ಮಠದ ಪ್ರಸಾದವನ್ನು ನಿಂತಲ್ಲೇ ತಿನ್ನುವುದು. ಸೊಸೈಟಿ ಸಾಲಕ್ಕೆ ಒಬ್ಬರಿಗೊಬ್ಬರು ಜಾಮೀನು. ಬ್ಯಾಚ್‌ನಲ್ಲಿ ಯಾರಿಗಾದರೂ ಏನಾದರೂ ಆದರೆ ಗ್ರೂಪ್‌ನಲ್ಲಿ ಮೆಸೇಜ್ ಬಿದ್ದ ಅರ್ಧ ಗಂಟೆಯಲ್ಲಿ ದುಡ್ಡು ಸೇರುತ್ತದೆ. ಪೊಲೀಸರು ಕಾರ್ಮಿಕ ಸಂಘ ಕಟ್ಟುವ ಹಾಗಿಲ್ಲ, 1966ರಿಂದ ಅದಕ್ಕೊಂದು ಕಾನೂನೇ ಇದೆ. ಹಾಗಾಗಿ ಅವರಿಗೆ ಬ್ಯಾಚೇ ಸಂಘ, ಬ್ಯಾಚೇ ನೆಂಟರು.

ನೈಟ್ ರೌಂಡ್ಸ್ ಮುಗಿಸಿದ ಬೆಳಿಗ್ಗೆ ಇಬ್ಬರೂ ಕ್ಯಾತ್ಸಂದ್ರಕ್ಕೆ ಬಂದು ತಟ್ಟೆ ಇಡ್ಲಿ ತಿಂದು ಮನೆಗೆ ಹೋಗುವುದು ವರ್ಷಗಟ್ಟಲೆ ನಡೆದುಬಂದ ಪದ್ಧತಿ. ಆರು ತಿಂಗಳಿಂದ ಮಂಜಣ್ಣ ಹೋಟೆಲ್ ಒಳಗೆ ಕಾಲಿಡುತ್ತಿಲ್ಲ. ಹೊರಗೆ ಬೈಕ್ ಹತ್ತಿರ ನಿಂತು, "ನೀನು ತಿಂದ್ಕೊಂಡು ಬಾ ಮಗಾ" ಅನ್ನುತ್ತಾರೆ. ಜೊತೆಗೆ ಕುಡಿತ. ಮೊದಲು ವಾರಕ್ಕೊಮ್ಮೆ ಇದ್ದದ್ದು ಈಗ ದಿನಾ, ಕೆಲವು ಸಲ ಡ್ಯೂಟಿಗೆ ಬರುವ ಮುಂಚೆಯೇ.

"ನೀವು ಏನು ಮಾಡಿದ್ರಿ?" ಅಂತ ಕೇಳಿದೆ.

ರಂಗಸ್ವಾಮಿ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ರೋಲ್ ಕಾಲ್‌ಗೆ ತಡವಾದರೆ ಸಮನ್ಸ್ ಕೊಡಲು ಹೋಗಿದ್ದಾನೆ ಅನ್ನುವುದು. ರಾತ್ರಿ ಸೆಂಟ್ರಿಗೆ ನಿಲ್ಲಲು ಆಗದಿದ್ದರೆ ಬೇರೆ ಯಾರಾದರೂ ನಿಲ್ಲುವುದು. ಬೀಟ್ ಪುಸ್ತಕಕ್ಕೆ ಅವರ ಪರವಾಗಿ ಸಹಿ. ವಾಸನೆ ಬರುತ್ತಿದ್ದರೆ ಸಾಹೇಬರು ಬರುವ ಮುಂಚೆ ಠಾಣೆಯ ಬರವಣಿಗೆ ನಡೆಯುವ ರೈಟರ್ ರೂಮಿನಲ್ಲಿ ಕೂರಿಸುವುದು. ಠಾಣೆಯ ಆರೇಳು ಜನ ಸೇರಿ ಹೆಚ್ಚುಕಡಿಮೆ ಒಂದು ವರ್ಷ ಹೀಗೆ ನಡೆಸಿದ್ದರು.

ನಾನು ಅವರಿಗೆ ಹೇಳಿದ್ದು ಅವರಿಗೆ ಹಿಡಿಸಲಿಲ್ಲ. "ನೀವು ಮಂಜಣ್ಣನ್ನ ಕಾಪಾಡಿಲ್ಲ, ಅವರ ಕಾಯಿಲೆನ ಬಚ್ಚಿಟ್ಟಿದ್ದೀರಿ" ಅಂದೆ. ಎದ್ದು ಹೋಗುತ್ತಾರೇನೋ ಅನ್ನಿಸಿತು. ಹೋಗಲಿಲ್ಲ. ನೀರು ಕುಡಿದು ಕೂತರು.

ಅವರ ಒಪ್ಪಿಗೆ ಮೇಲೆ ಎರಡು ದಿನ ಬಿಟ್ಟು ಮಂಜಣ್ಣನ ಹೆಂಡತಿ ಫೋನಿನಲ್ಲಿ ಮಾತಾಡಿದರು. ಆಕೆಯ ದೂರು ಕುಡಿತದ ಮೇಲೆ ಅಷ್ಟಿರಲಿಲ್ಲ, ಅದಕ್ಕೆ ಹೊಂದಿಕೊಂಡುಬಿಟ್ಟಿದ್ದರು. "ದೇವರ ಮನೆ ಕಡೆ ತಲೆ ಹಾಕಲ್ಲ ಮೇಡಂ. ಊದುಬತ್ತಿ ಹಚ್ಚಿದ್ರೆ ಎದ್ದು ಆಚೆ ಹೋಗ್ತಾರೆ. ಯಾರೋ ಏನೋ ಮಾಡಿಸಿದ್ದಾರೆ ಅಂತ ನಮ್ಮತ್ತೆ ತಾಯತ ಕಟ್ಟಿಸಿದಾರೆ."

ಒಂದು ಕಡೆ ಇಡ್ಲಿ. ಇನ್ನೊಂದು ಕಡೆ ಊದುಬತ್ತಿ. ಇಬ್ಬರೂ ತಮ್ಮ ತಮ್ಮ ಕಡೆಯಿಂದ ಒಂದೇ ವಿಷಯ ಹೇಳುತ್ತಿದ್ದರು, ಆದರೆ ಅವರಿಬ್ಬರೂ ಕೂತು ಮಾತಾಡಿಯೇ ಇರಲಿಲ್ಲ. ನಾನು ರಂಗಸ್ವಾಮಿಗೆ ಮತ್ತೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ನಿಮ್ಮ ಠಾಣೆಯಲ್ಲಿ ಹೆಣದ ಕೆಲಸ ಯಾರು ಮಾಡುವುದು?

ಆ ಕಡೆಯಿಂದ ಸುಮಾರು ಹೊತ್ತು ಮಾತೇ ಬರಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಪಘಾತ, ನೇಣು, ಕೆರೆಗೆ ಬಿದ್ದದ್ದು, ಹೀಗೆ ಸಾವಾದರೆ ಶವ ಪಂಚನಾಮೆ, ಅಂದರೆ ಸಾಕ್ಷಿಗಳ ಮುಂದೆ ಹೆಣ ನೋಡಿ ವರದಿ ಬರೆಯುವುದು, ಆಗಲೇಬೇಕು. ಮೊದಲು ಹಳೇ ಅಪರಾಧ ಪ್ರಕ್ರಿಯಾ ಕಾನೂನು ಸಿಆರ್‌ಪಿಸಿಯ 174ನೇ ಕಲಮಿನ ಪ್ರಕಾರ, 2024ರ ಜುಲೈನಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 194ರ ಪ್ರಕಾರ. ನಂಬರ್ ಬದಲಾಯಿತು, ಕೆಲಸ ಅದೇ. ಅಧಿಕಾರಿ ಬರುತ್ತಾರೆ, ನೋಡುತ್ತಾರೆ, ಸಹಿ ಹಾಕುತ್ತಾರೆ, ಹೋಗುತ್ತಾರೆ. ಆದರೆ ಹೆದ್ದಾರಿಯಿಂದ ಎತ್ತಿಸುವುದು, ಬಟ್ಟೆ ಹೊದಿಸುವುದು, ಗಾಯದ ಅಳತೆ ಬರೆದುಕೊಳ್ಳುವುದು, ಜೇಬಿನಲ್ಲಿ ಸಿಕ್ಕಿದ ನಂಬರಿಗೆ ಫೋನ್ ಮಾಡಿ ಮನೆಯವರಿಗೆ ಹೇಳುವುದು, ಶವಾಗಾರದ ಮುಂದೆ ರಾತ್ರಿಯೆಲ್ಲ ಕಾಯುವುದು, ಬೆಳಿಗ್ಗೆ ಪೋಸ್ಟ್‌ಮಾರ್ಟಂ ಆದ ಮೇಲೆ ಅಳುವವರ ಕೈಯಿಂದ ಸಹಿ ತೆಗೆದುಕೊಂಡು ಒಪ್ಪಿಸುವುದು, ಇದೆಲ್ಲ ಒಬ್ಬ ಕಾನ್‌ಸ್ಟೆಬಲ್ ತಲೆಗೆ. ವಾಸನೆಗೆ ಪಕ್ಕದಲ್ಲಿ ಒಂದು ಕಟ್ಟು ಊದುಬತ್ತಿ ಹಚ್ಚಿಟ್ಟುಕೊಳ್ಳುತ್ತಾರೆ.

ಈಗ ತಟ್ಟೆ ಇಡ್ಲಿ ಹೇಗೆ ಮಾಡುತ್ತಾರೆ ನೆನಪಿಸಿಕೊಳ್ಳಿ. ತಟ್ಟೆಗೆ ಒದ್ದೆ ಬಿಳಿ ಬಟ್ಟೆ ಹಾಸಿರುತ್ತಾರೆ. ಹಬೆ ಏಳುವಾಗ ಆ ಬಟ್ಟೆಯನ್ನು ನಿಧಾನಕ್ಕೆ ಎಳೆದು ತೆಗೆಯುತ್ತಾರೆ.

ಎಷ್ಟು ವರ್ಷದಿಂದ ಮಂಜಣ್ಣ ಈ ಕೆಲಸ ಮಾಡುತ್ತಿದ್ದಾರೆ ಅಂತ ಕೇಳಿದರೆ ರಂಗಸ್ವಾಮಿ, "ಶುರುವಿಂದ್ಲೂ ಅವನೇ ಮೇಡಂ. ಅವನ ಅಕ್ಷರ ಚೆನ್ನಾಗಿದೆ. ಬೇಡ ಅನ್ನಲ್ಲ. ಕಂಟ್ರೋಲ್ ರೂಮಿಂದ ಮೆಸೇಜ್ ಬಂದ್ರೆ ಎಲ್ಲರೂ 'ಮಂಜಣ್ಣ ಇದ್ದಾನಲ್ಲ' ಅಂತೀವಿ" ಅಂದರು. ಆಮೇಲೆ ತಾವಾಗಿಯೇ, "ನಾನೂ ಅಂದಿದೀನಿ" ಅಂದರು.

ನನಗೆ ಈ ಪ್ರಕರಣದಲ್ಲಿ ಇದೇ ದೊಡ್ಡದು. ಒಬ್ಬ ಮನುಷ್ಯನನ್ನು ಇಷ್ಟೊಂದು ಪ್ರೀತಿಸುವ ಆರೇಳು ಜನ, ಅವನಿಗೋಸ್ಕರ ಮೆಮೋ ತಿನ್ನಲು ತಯಾರಿರುವ ಜನ, ಅವರೇ ಹತ್ತಾರು ವರ್ಷ ಊರಿನ ಹೆಣಗಳನ್ನೆಲ್ಲ ಅವನೊಬ್ಬನ ಮೇಲೆ ಹೊರಿಸಿದ್ದರು. ಕೆಟ್ಟತನದಿಂದಲ್ಲ, ಸುಮ್ನೆ ಅಭ್ಯಾಸವಾಗಿ. ನಮ್ಮ ಮನೆಗಳಲ್ಲಿ ದೊಡ್ಡ ಮಗಳ ಮೇಲೆ ಎಲ್ಲ ಕೆಲಸ ಬೀಳುವುದಿಲ್ಲವೇ, ಹಾಗೆ.

ನಾನು ರಂಗಸ್ವಾಮಿಗೆ ಕೊಟ್ಟ ಸಲಹೆ ಹೀಗಿತ್ತು. ಇನ್ನು ಮೇಲೆ ಅವರ ಪರವಾಗಿ ಸುಳ್ಳು ಸಹಿ ಬೇಡ, ಆದರೆ ಅದಕ್ಕೂ ಮುಂಚೆ ಅವರ ಜೊತೆ ಮಾತಾಡಿ. ಠಾಣೆಯಲ್ಲಿ ಬೇಡ, ಕುಡಿದಿರುವಾಗ ಬೇಡ, ಎದುರುಬದುರು ಕೂತು ವಿಚಾರಣೆ ಥರ ಅಂತೂ ಬೇಡವೇ ಬೇಡ. ಪೊಲೀಸರು ಪಕ್ಕಪಕ್ಕ ಕೂತರೆ ಮಾತಾಡುತ್ತಾರೆ, ಜೀಪಿನಲ್ಲೋ ಕೆರೆ ಏರಿ ಮೇಲೋ. "ಕುಡಿಯೋದು ಜಾಸ್ತಿ ಆಯ್ತು ಕಣೋ" ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ನೀವು ಕಣ್ಣಾರೆ ಕಂಡದ್ದನ್ನು ಹೇಳಿ, ಇಡ್ಲಿ ಹೋಟೆಲ್ ವಿಷಯ ಹೇಳಿ. ಹೆಣದ ಕೆಲಸ ನಿನ್ನ ಮೇಲೆ ಹಾಕಿದವರಲ್ಲಿ ನಾನೂ ಒಬ್ಬ ಅಂತ ಹೇಳಿ. ಆಮೇಲೆ ಸುಮ್ಮನಿರಿ. ಕೊನೆಗೆ ನೇರವಾಗಿ ಕೇಳಿ: ಸಾಯಬೇಕು ಅನ್ನಿಸಿದೆಯಾ?

"ಅದನ್ನ ಕೇಳಿದ್ರೆ ನಾವೇ ನೆನಪಿಸಿದಂಗೆ ಆಗಲ್ವಾ ಮೇಡಂ?"

ಆಗಲ್ಲ. ಈ ಭಯ ಎಲ್ಲರಿಗೂ ಇದೆ. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಗೆ ಬರುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ನಾನು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಅಂದೆ. ದಿನದ 24 ಗಂಟೆಯೂ ಇರುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಅಮಾನಿಕೆರೆ ಹತ್ತಿರ ಕೂತು ಮಾತಾಡಿದರಂತೆ. ಮೊದಲ ಒಂದು ಗಂಟೆ ಟ್ರಾನ್ಸ್‌ಫರ್, ಮಗನ ಪಿಯುಸಿ, ಹಳೇ ಸ್ಲೋಚ್ ಹ್ಯಾಟ್ ಹೋಗಿ ಬಂದ ಹೊಸ ಟೋಪಿ, ಇವೇ. ನೇರ ಪ್ರಶ್ನೆ ಕೇಳಿದಾಗ ಮಂಜಣ್ಣ, ರಾತ್ರಿ ಸೆಂಟ್ರಿಗೆ ನಿಂತಾಗ ಒಂದೆರಡು ಸಲ ಅನ್ನಿಸಿದೆ ಅಂದರು. ಸೆಂಟ್ರಿ ಅಂದರೆ ಕೈಯಲ್ಲಿ ರೈಫಲ್ ಇರುತ್ತದೆ. ರಂಗಸ್ವಾಮಿ ಅಲ್ಲಿಂದಲೇ ನನಗೆ ಫೋನ್ ಮಾಡಿದರು, ದನಿ ನಡುಗುತ್ತಿತ್ತು. ಅವತ್ತು ಮಂಜಣ್ಣನ್ನು ಒಬ್ಬರೇ ಬಿಡಬೇಡಿ, ಮನೆಗೆ ಹೋಗಿ, ಹೆಂಡತಿಗೆ ಇಬ್ಬರೂ ಸೇರಿ ಹೇಳಿ ಅಂದೆ. ಮಾಡಿದರು. ರಾತ್ರಿ ಅಲ್ಲೇ ಹಜಾರದಲ್ಲಿ ಮಲಗಿದರು.

ಬೆಳಿಗ್ಗೆ ಇದ್ದದ್ದು ಕಷ್ಟದ ಕೆಲಸ, ಪಿಎಸ್‌ಐಗೆ ಹೇಳುವುದು. ಗೆಳೆಯ ನಂಬಿ ಹೇಳಿದ್ದನ್ನು ಸಾಹೇಬರ ಮುಂದೆ ಇಡುವುದು ದ್ರೋಹ ಅಲ್ಲವೇ ಅಂತ ರಂಗಸ್ವಾಮಿಗೆ. ಜೀವಕ್ಕೆ ಅಪಾಯ ಇದ್ದಾಗ ಗುಟ್ಟು ಇಟ್ಟುಕೊಳ್ಳುವ ಹಾಗಿಲ್ಲ, ನಾವು ಆಪ್ತಸಲಹೆಗಾರರೂ ಹಾಗಿಲ್ಲ. ಆದರೆ ಬೆನ್ನ ಹಿಂದೆ ಹೇಳಬೇಡಿ, "ನಾನು ಹೋಗಿ ಹೇಳ್ತಿದೀನಿ, ನೀನೂ ಬಾ" ಅನ್ನಿ ಅಂದೆ. ಕುಡಿತದ ಪುರಾಣ ಬೇಡ. ನಿದ್ದೆ ಇಲ್ಲ, ಜೀವ ಬೇಡ ಅನ್ನಿಸುತ್ತಿದೆ, ಡಾಕ್ಟರಿಗೆ ತೋರಿಸಬೇಕು, ಅಲ್ಲಿಯವರೆಗೆ ಆಯುಧ ಇರುವ ಡ್ಯೂಟಿ ಬೇಡ. ಇಷ್ಟೇ ಕೇಳಿ.

ಸಾಹೇಬರು ಮೊದಲು ಸಿಡುಕಿದರು. ಶಿವರಾತ್ರಿ ಹತ್ತಿರ, ಸಿದ್ಧಗಂಗಾ ಜಾತ್ರೆ ಬಂದೋಬಸ್ತ್ ಲಿಸ್ಟ್ ಕೈಯಲ್ಲಿತ್ತು, ಈಗ ರಜೆ ಅಂದರೆ ಹೇಗೆ ಅಂದರು. ಅವರನ್ನೂ ಪೂರ್ತಿ ಬೈಯಲು ನನಗೆ ಮನಸ್ಸಿಲ್ಲ, ಮೇಲಿನಿಂದ ಅವರಿಗೂ ಬರುತ್ತಿರುತ್ತದೆ. ಸೆಂಟ್ರಿ ಡ್ಯೂಟಿ ಮಾತ್ರ ಆ ಕ್ಷಣವೇ ತೆಗೆದರು. ರಜೆ ಸಿಕ್ಕಿದ್ದು ಮೂರು ದಿನ ಬಿಟ್ಟು. ಆ ಮೂರು ರಾತ್ರಿ ಬ್ಯಾಚಿನವರು ಪಾಳಿ ಹಾಕಿಕೊಂಡು ಮಂಜಣ್ಣನ ಮನೆಯಲ್ಲಿ ಮಲಗಿದರು. ಬಂದೋಬಸ್ತ್ ಅಂದರೆ ಇದು ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಮಂಜಣ್ಣ ನನ್ನ ಎದುರು ಬಂದು ಕೂತಾಗ ಮೊದಲು ಕೇಳಿದ್ದು, "ಇದು ನನ್ನ ಸರ್ವಿಸ್ ಫೈಲಿಗೆ ಹೋಗುತ್ತಾ ಮೇಡಂ?" ಇಲ್ಲಿ ಆಡಿದ ಮಾತು, ಡಾಕ್ಟರ್ ಬರೆದ ಚೀಟಿ ಇಲಾಖೆಗೆ ತಾನಾಗಿ ಹೋಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಗುಟ್ಟು ಕಾಯುವ ಹಕ್ಕು ಇದೆ. ವೈದ್ಯಕೀಯ ರಜೆ ಹಾಕಿದರೆ ಸರ್ಟಿಫಿಕೇಟ್ ಕೊಡಬೇಕಾಗುತ್ತದೆ, ಅದನ್ನೂ ಮುಚ್ಚಿಡದೆ ಹೇಳಿದೆ. ಹುಸಿ ಧೈರ್ಯ ಕೊಟ್ಟರೆ ಪೊಲೀಸರಿಗೆ ತಕ್ಷಣ ಗೊತ್ತಾಗುತ್ತದೆ.

ಎರಡನೆಯದು, "ನಾಳೆಯಿಂದ ಎಣ್ಣೆ ಮುಟ್ಟಲ್ಲ, ನಮ್ಮಮ್ಮನಾಣೆ" ಅಂದರು. ಬೇಡಪ್ಪಾ ಅಂದೆ. ಆಶ್ಚರ್ಯವಾಯಿತು ಅವರಿಗೆ. ದಿನಾ ಜಾಸ್ತಿ ಕುಡಿಯುವವರು ಒಂದೇ ಏಟಿಗೆ ನಿಲ್ಲಿಸಿದರೆ ಮೊದಲ ಎರಡು ಮೂರು ದಿನದಲ್ಲಿ ಕೈ ನಡುಕ, ಬೆವರು, ಫಿಟ್ಸ್ ಕೂಡ ಬರಬಹುದು, ಇಲ್ಲದ್ದು ಕಾಣಬಹುದು, ಪ್ರಾಣಕ್ಕೇ ಕಷ್ಟ ಆಗಬಹುದು. ಡಾಕ್ಟರ್ ಕೈಯಲ್ಲಿ, ಮಾತ್ರೆ ಮತ್ತು ವಿಟಮಿನ್ ಜೊತೆ ಬಿಡಬೇಕು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿದೆ. ರಂಗಸ್ವಾಮಿ ಜೊತೆಗೆ ಹೋಗಿ ಓಪಿಡಿ ಚೀಟಿ ಮಾಡಿಸಿದರು. ಆರು ದಿನ ಒಳರೋಗಿಯಾಗಿದ್ದರು. ಆಮೇಲೆ ಮಂಗಳವಾರದ ಮನೋಚೈತನ್ಯ ಕ್ಲಿನಿಕ್, ಸರ್ಕಾರದ ಮಾನಸಿಕ ಆರೋಗ್ಯ ಚಿಕಿತ್ಸೆ, ತಾಲ್ಲೂಕು ಆಸ್ಪತ್ರೆಯಲ್ಲೇ.

ನಮ್ಮ ಭೇಟಿಗಳಲ್ಲಿ ಕುಡಿತದ ಬಗ್ಗೆ ಕಮ್ಮಿ, ಬಟ್ಟೆಯ ಬಗ್ಗೆ ಜಾಸ್ತಿ ಮಾತಾಡಿದೆವು. ಮೂರನೇ ಸಲ ಬಂದಾಗ ಒಂದು ಮಗುವಿನ ವಿಷಯ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದ ಕೂಡಲೇ ಏನು ಮಾಡಬೇಕು ಅಂತ ಒಂದು ಕ್ರಮ ಮಾಡಿಕೊಂಡೆವು: ಸ್ನಾನ, ಬಟ್ಟೆ ಬದಲು, ಆಮೇಲೆ ಹೆಂಡತಿಗೆ ಎರಡೇ ಮಾತು, "ಇವತ್ತು ಒಂದು ಕೇಸ್ ಇತ್ತು, ಮನಸ್ಸು ಸರಿ ಇಲ್ಲ." ವಿವರ ಬೇಡ. ಆಕೆಗೆ ನಾನು ಹೇಳಿದ್ದು, ಆಗ ಪ್ರಶ್ನೆ ಕೇಳಬೇಡಿ, ಕಾಫಿ ಕೊಟ್ಟು ಪಕ್ಕದಲ್ಲಿ ಕೂರಿ, ಸ್ವಲ್ಪ ದಿನ ಊದುಬತ್ತಿ ಬದಲು ತುಪ್ಪದ ದೀಪ ಸಾಕು. ದೇವರು ಅಡ್ಜಸ್ಟ್ ಮಾಡಿಕೊಳ್ಳುತ್ತಾನೆ. ಅತ್ತೆಯ ತಾಯತ ಇರಲಿ ಬಿಡಿ ಅಂದೆ, ಅದರಿಂದ ಯಾರಿಗೂ ತೊಂದರೆ ಇಲ್ಲ.

ಠಾಣೆಯಲ್ಲಿ ಆದ ಬದಲಾವಣೆ ಸಣ್ಣದು. ಪಂಚನಾಮೆ ಕೆಲಸಕ್ಕೆ ಐದು ಜನರ ಪಾಳಿ ಪಟ್ಟಿ ಮಾಡಿ ರೈಟರ್ ರೂಮಿನಲ್ಲಿ ಅಂಟಿಸಿದರು. ಒಬ್ಬರೇ ಹೋಗುವುದಿಲ್ಲ, ಇಬ್ಬರು. ಪಟ್ಟಿ ಬಂದ ಮೊದಲ ವಾರ ಗೊಣಗಾಟ ಇತ್ತಂತೆ, ಒಬ್ಬರು ಎರಡು ಸಲ ಹೊಟ್ಟೆನೋವು ಅಂದರಂತೆ. ಹೊಸದಾಗಿ ಬಂದ ಹುಡುಗನೊಬ್ಬನಿಗೆ ಮೊದಲ ಸಲ ವಾಂತಿಯಾಯಿತು. ಅವತ್ತು ಪಾಳಿ ಇಲ್ಲದಿದ್ದರೂ ಶವಾಗಾರದ ಹೊರಗೆ ಹೋಗಿ ಅವನ ಪಕ್ಕ ನಿಂತವರು ಮಂಜಣ್ಣ. ಒಳಗೆ ಹೋಗಲಿಲ್ಲ, ಹೋಗಬೇಡಿ ಅಂತ ನಾನೇ ಹೇಳಿದ್ದೆ.

ಯುಗಾದಿ ಮಾರನೇ ದಿನ ಹೊಸತೊಡಕಿಗೆ ಒಮ್ಮೆ ಕುಡಿದರು. ಮರುದಿನ ತಾವೇ ಫೋನ್ ಮಾಡಿ ಹೇಳಿದರು. ಮಾತ್ರೆ ನಡೆಯುತ್ತಿದೆ. ನಿದ್ದೆ ನಾಲ್ಕೈದು ಗಂಟೆ ಬರುತ್ತಿದೆ, ನೈಟ್ ಡ್ಯೂಟಿ ವಾರದಲ್ಲಿ ಮತ್ತೆ ಕೆಡುತ್ತದೆ.

ರೌಂಡ್ಸ್ ಮುಗಿದ ಬೆಳಿಗ್ಗೆ ಈಗ ಹೋಟೆಲ್ ಒಳಗೆ ಬರುತ್ತಾರಂತೆ. ಅಡುಗೆಮನೆಗೆ ಬೆನ್ನು ಮಾಡಿ ಕೂತು ಉದ್ದಿನ ವಡೆ ತಿನ್ನುತ್ತಾರೆ. ಇಡ್ಲಿ ಇನ್ನೂ ಇಲ್ಲ.