ಗಿಡಗಳ ಬಗ್ಗೆ ಬರೆಯೋಕೆ ಹೊಸ ವಿಷಯ ಸಿಗ್ತಿಲ್ಲ ಅನ್ನೋ ಪ್ರಶ್ನೆಗೆ ಪ್ರತಿಕ್ರಿಯೆ

ವಿಷಯ ಖಾಲಿಯಾಗಿಲ್ಲ, ನೀವು ತುಂಬಾ ದೊಡ್ಡ ವಿಷಯ ಹುಡುಕ್ತಿದೀರಿ ಅನ್ಸುತ್ತೆ. "ನೀರು, ಗೊಬ್ಬರ, ಮಣ್ಣು ಎಲ್ಲಾ ಬರ್ದಾಯ್ತು, ಇನ್ನೇನಿದೆ" ಅಂದ್ರಲ್ಲ, ಅವು ಒಂದೊಂದು ಲೇಖನಕ್ಕೆ ಮುಗಿಯೋವಲ್ಲ.

ಮೊದ್ಲು ನಿಮ್ಮದೇ ಹಳೇ ಲೇಖನ ಒಂದನ್ನ ತೆಗೆದು, ಎಲ್ಲೆಲ್ಲಿ ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗಿದೀರೋ ಅಲ್ಲೆಲ್ಲ ಗುರುತು ಹಾಕಿ. "ಪೋಷಕಾಂಶ ಕಮ್ಮಿಯಾದ್ರೆ ಎಲೆ ಹಳದಿ ಆಗುತ್ತೆ" ಅಂತ ಬರ್ದಿರ್ತೀರಿ, ಆದ್ರೆ ಸಾರಜನಕ ಕಮ್ಮಿಯಾದ್ರೆ ಕೆಳಗಿನ ಹಳೇ ಎಲೆ ಮೊದ್ಲು ಹಳದಿ ಆಗೋದು, ಕಬ್ಬಿಣ ಕಮ್ಮಿಯಾದ್ರೆ ಮೇಲಿನ ಹೊಸ ಎಲೆ, ಅದೂ ಎಲೆಯ ನರಗಳು ಹಸಿರಾಗೇ ಉಳಿದು ಅವುಗಳ ನಡುವಿನ ಭಾಗ ಬಿಳಚಿಕೊಳ್ಳುತ್ತೆ, ಅಂದ್ರೆ ಆ ಒಂದು ಸಾಲಲ್ಲೇ ಎರಡು ಲೇಖನ ಇದೆ ನೋಡಿ.

ಆಮೇಲೆ ಓದುಗರು ಕೇಳಿರೋ ಪ್ರಶ್ನೆಗಳನ್ನ ಅವರ ಮಾತಲ್ಲೇ ಬರ್ಕೊಳ್ಳಿ, ತಿದ್ದಬೇಡಿ. "ಮಣ್ಣು ಒದ್ದೆ ಇದೆ, ಆದ್ರೂ ಗಿಡ ಬಾಡ್ತಿದೆ ಯಾಕೆ?" ಇದೇ ಟೈಟಲ್ ಆಗುತ್ತೆ, ಒಳಗೆ ನೀರು ಜಾಸ್ತಿಯಾಗಿ ಬೇರಿಗೆ ಗಾಳಿ ಸಿಗದೆ ಕೊಳೆಯೋದನ್ನ ವಿವರಿಸಿ. ಸರ್ಚ್ ಸಜೆಷನ್‌ಗಳನ್ನ ಕೊನೆಗೆ ನೋಡಿ, ಅಲ್ಲಿಂದಲೇ ಶುರು ಮಾಡಿದ್ರೆ ಎಲ್ಲರೂ ಬರ್ದಿರೋದೇ ಸಿಗೋದು (ನನಗಂತೂ ಹಾಗೇ ಅನ್ಸಿದೆ).

ಸಿಕ್ಕಿದ್ದನ್ನೆಲ್ಲ ಒಂದು ಕಡೆ ಹಾಕಿ, ಚೆನ್ನಾಗಿದೆಯಾ ಇಲ್ವಾ ಅಂತ ಅವತ್ತೇ ತೂಗಬೇಡಿ, ಮಾರನೇ ದಿನ ಆರಿಸಿ.

ವಿಷಯ ಕೈಯಲ್ಲಿದ್ದೂ ಒಂದು ಪ್ಯಾರಾ ಮುಂದೆ ಹೋಗ್ತಿಲ್ಲ ಅಂದ್ರೆ ಅದು ಬರೀ ದಣಿವೂ ಇರಬಹುದು, ಅದಕ್ಕೆ ಈ ವಿಧಾನ ಕೆಲಸ ಮಾಡುತ್ತೆ ಅಂತ ಗ್ಯಾರಂಟಿ ಕೊಡಲ್ಲ, ಒಂದು ವಾರ ಬಿಟ್ಟು ನೋಡಿ. ಇವತ್ತಿಗೆ ಗುರುತು ಹಾಕೋದಷ್ಟು ಮಾಡಿ ಸಾಕು.