ರಾತ್ರಿ ಅಪ್ಪನ ಡೈಪರ್ ಸೋರುತ್ತದೆ, ಒಳಗೆ ಇನ್ನೊಂದು ಪ್ಯಾಡ್ ಇಟ್ಟರೆ ನಿಲ್ಲುತ್ತದಾ?

ನಿಲ್ಲುತ್ತದೆ, ಆದರೆ ಅದು ಬೂಸ್ಟರ್ ಪ್ಯಾಡೇ (ಡೈಪರಿನೊಳಗೆ ಇಡಲೆಂದೇ ಮಾಡಿದ ಹೆಚ್ಚುವರಿ ಪ್ಯಾಡ್) ಆಗಿರಬೇಕು. ಮುಟ್ಟಿನ ಪ್ಯಾಡ್ ಅಥವಾ ಇನ್ನೊಂದು ಡೈಪರ್ ಬೇಡ.

ಯಾಕೆ ಅಂದ್ರೆ, ಮಾಮೂಲಿ ಪ್ಯಾಡಿನ ಹಿಂಬದಿಯಲ್ಲಿ ನೀರು ದಾಟದ ಪ್ಲಾಸ್ಟಿಕ್ ಪದರ ಇರುತ್ತದೆ. ಅದು ತುಂಬಿದ ಮೇಲೆ ಮೂತ್ರ ಕೆಳಗಿನ ಡೈಪರಿಗೆ ಇಳಿಯಲಾರದೆ ಪಕ್ಕಕ್ಕೆ ಹರಿದು ಹಾಸಿಗೆ ಸೇರುತ್ತದೆ, ಡೈಪರ್ ಮಾತ್ರ ಒಣಗಿಯೇ ಇರುತ್ತದೆ! ಬೂಸ್ಟರಿಗೆ ಆ ಪದರ ಇಲ್ಲ. ಮೊದಲು ತಾನು ಹೀರಿಕೊಂಡು, ಹೆಚ್ಚಾದದ್ದನ್ನು ಕೆಳಕ್ಕೆ ಬಿಡುತ್ತದೆ. ಅನುಮಾನ ಇದ್ದರೆ ಒಂದನ್ನು ಬಚ್ಚಲಲ್ಲಿ ಹಿಡಿದು ನಿಧಾನವಾಗಿ ನೀರು ಹೊಯ್ಯುತ್ತಾ ಹೋಗಿ, ತುಂಬಿದ ಮೇಲೆ ತಳದಿಂದ ತೊಟ್ಟಿಕ್ಕಿದರೆ ಅದು ಬೂಸ್ಟರ್.

ಇಡುವಾಗ ಡೈಪರಿನ ಎರಡೂ ಬದಿಯ ನಿರಿಗೆ ಅಂಚಿನ ಒಳಗೇ ಇರಲಿ, ಅಂಚಿನ ಮೇಲೆ ಹತ್ತಿದರೆ ಅಲ್ಲಿಂದಲೇ ಸೋರುತ್ತದೆ. ಗಂಡಸರಿಗೆ ಸ್ವಲ್ಪ ಮುಂದಕ್ಕೆ, ಹೆಂಗಸರಿಗೆ ನಡುವೆ. ಆದರೆ ತೊಡೆಯ ಹತ್ತಿರ ಡೈಪರ್ ಸಡಿಲ ಇದ್ದರೆ ಬೂಸ್ಟರ್ ಹಾಕಿ ಪ್ರಯೋಜನವಿಲ್ಲ, ಮೊದಲು ಸೈಜ್ ಬದಲಿಸಿ.

ಇನ್ನೊಂದು ಮಾತು. ಸೋರಲಿಲ್ಲ ಅಂತ ಬೆಳಗ್ಗೆ ತಡ ಮಾಡಬೇಡಿ. ವಯಸ್ಸಾದವರ ಚರ್ಮ ತುಂಬಾ ತೆಳು, ಒದ್ದೆಯಲ್ಲಿ ಬೇಗ ಹುಣ್ಣಾಗುತ್ತದೆ. ಸೋರುವುದು ಇತ್ತೀಚೆಗೆ ಏಕಾಏಕಿ ಜಾಸ್ತಿಯಾಗಿದ್ದರೆ ಡಾಕ್ಟರಿಗೂ ತೋರಿಸಿ, ಮೂತ್ರದ ಸೋಂಕು ಇರಬಹುದು.